ಕಣ್ಣು ಬಿಡಿಸದ ಕರು

ಕಥೆ ಹೇಳುವಾಗ ನಮ್ಮ ತಾತ ಮುನಿಯಪ್ಪನ ಬೆರಳುಗಳು ಗಾಳಿಯಲ್ಲೇ ಕಲ್ಲು ಕೆತ್ತುತ್ತಿದ್ದವು. ಹಸುವಿನ ಗಂಗೆದೊಗಲು, ಕೆಚ್ಚಲು, ಅದಕ್ಕೆ ಬಾಯಿ ಹಾಕಿದ ಕರು ಎಲ್ಲವೂ ಅಲ್ಲಿ ಮೂಡುತ್ತಿದ್ದವು. ಮುಳಬಾಗಿಲು ಕಡೆಯ ನಮ್ಮೂರ ಗೋಪಾಲಸ್ವಾಮಿ ಗುಡಿಯ ಒಳಗಂಬವೊಂದರಲ್ಲಿ ಆ ಹಸು, ಕರು ಇವೆಯೆಂದು ನಮ್ಮ ಕೇರಿಯವರೆಲ್ಲ ನಂಬಿದ್ದೆವು.

"ಕಲ್ಕುಟಿಗ ಕಣ್ಣು ಬಿಡಿಸೋಕೆ ಮುಂಚೇನೇ ಕರು ಹಾಲು ಕುಡಿಯೋಕೆ ಹೋಗ್ಬಿಡ್ತು ಕಣ್ರೋ. ಹಸಿದಿರೋ ಕೂಸನ್ನ ಯಾರಾದ್ರೂ ಎಳೀತಾರಾ? ಉಳಿ ಕೆಳಗಿಟ್ಟ. ಅದಕ್ಕೇ ಅದು ಕುರುಡು" ಎನ್ನುತ್ತಿದ್ದ.

ಗೋಕುಲಾಷ್ಟಮಿಗೆ ತಾತನ ತಮಟೆ ಕೇಳದೆ ದೇವರು ಹೊರಡುತ್ತಿರಲಿಲ್ಲ. ಆದರೆ ತಾತ ನಿಲ್ಲಬೇಕಾದದ್ದು ಗರುಡಗಂಬದಿಂದ ಈಚೆ. ಪ್ರಸಾದ ಮೇಲಿನಿಂದ ಅವನ ಟವೆಲಿಗೆ ಬೀಳುತ್ತಿತ್ತು. ನಮ್ಮವರೂ ಗುಡಿಯೊಳಗೆ ಹೋಗಬಹುದೆಂಬ ಕಾನೂನು ಎಂದೋ ಬಂದಿತ್ತು. ಹೊಸಿಲು ದಾಟಲು ನಮ್ಮವರಿಗೆ ಕಾಲು ಬಂದಿರಲಿಲ್ಲ. "ಏನ್ಲಾ ಮುನಿಗಾ, ನಿನ್ನ ಕರು ಹಾಲು ಬಿಡ್ತಾ?" ಎಂದು ಊರಿನವರು ಕೇಳಿ ನಗುತ್ತಿದ್ದರು. ಅದನ್ನು ತಾತ ಸಲಿಗೆ ಎಂದುಕೊಂಡಿದ್ದ. ನಾವೂ ಅಷ್ಟೆ.

ನಮ್ಮ ಕೇರಿಯ ಮೊದಲ ಬಿ.ಎ. ನಾನು. ಕೋಲಾರದ ಹಾಸ್ಟೆಲಿನ ನೀರು ಸಾರು ಉಂಡು, ಒಮ್ಮೆ ಫೇಲಾಗಿ, ಮತ್ತೆ ಕಟ್ಟಿ ಪಾಸಾದವನು. ಆ ಹೆಮ್ಮೆಯನ್ನು ಈಗಲೂ ಮುಚ್ಚಿಡುವುದಿಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪಾಸಾದ ವರ್ಷದ ಅಷ್ಟಮಿಯಂದು ತಾತನ ಕೈ ಹಿಡಿದು ಗುಡಿಯೊಳಗೆ ನಡೆದೆ. ಜಗಲಿಯಲ್ಲಿದ್ದವರು ಮಾತು ನಿಲ್ಲಿಸಿದರು. ಯಾರೂ ತಡೆಯಲಿಲ್ಲ. ಜಗಳಕ್ಕೆಂದು ನಾನು ಕಲಿತುಕೊಂಡು ಹೋಗಿದ್ದ ಮಾತುಗಳಿಗೆ ಅಲ್ಲಿ ಕೆಲಸವೇ ಬೀಳಲಿಲ್ಲ.

ದೇವರಿಗೆ ಕೈಮುಗಿಯುವುದನ್ನೂ ಮರೆತು ತಾತ ಕಂಬಗಳ ಹತ್ತಿರ ಹೋದ. ನಾಲ್ಕೂ ಬೋಳು ಕಂಬಗಳು. ಎಣ್ಣೆಜಿಡ್ಡಿನ ಕಲ್ಲನ್ನು ಅಂಗೈಯಿಂದ ಸವರುತ್ತ ಒಂದೊಂದನ್ನೂ ಸುತ್ತಿದ.

"ಏನಯ್ಯಾ ಹುಡುಕ್ತಿದೀಯ?" ಎಂದರು ಪೂಜಾರಿ.

"ಏನಿಲ್ಲ ಸಾಮಿ."

ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಇಷ್ಟು ವರ್ಷ ಅವರು ನಕ್ಕದ್ದು ಯಾತಕ್ಕೆಂದು ಆಗ ಇಬ್ಬರಿಗೂ ತಿಳಿಯಿತು. ತಾತ ನನ್ನ ಮುಖ ನೋಡಲಿಲ್ಲ. ನನಗೂ ಅವನ ಮುಖ ನೋಡಲಾಗಲಿಲ್ಲ.

ಆಮೇಲೆ ಅವನು ಕಥೆ ಹೇಳಲಿಲ್ಲ. ಮಕ್ಕಳು ಪೀಡಿಸಿದರೆ ಎದ್ದು ಹೋಗುತ್ತಿದ್ದ. ಮಾಲೂರಿನಲ್ಲಿ ಕೆಲಸ ಸಿಕ್ಕಿ ನಾನು ಹೊರಟ ಬೆಳಿಗ್ಗೆ, ಬಸ್ಸಿನ ತನಕ ಬಂದ. ಅವನನ್ನು ಕಡೆಯ ಸಲ ನೋಡಿದ್ದು ಅಲ್ಲೇ. ಹಳೆಯ ಕಂಬ ಒಡೆದು ಬೇರೆ ನಿಲ್ಲಿಸಿರಬಹುದು ಎಂದು ಸುಮ್ಮನೆ ಹೇಳಿದೆ. ತಾತ ಇಲ್ಲವೆಂದು ತಲೆಯಾಡಿಸಿದ.

"ನಮ್ಮಪ್ಪ ತೊಡೆ ಮೇಲೆ ಕೂರಿಸ್ಕೊಂಡು ಹೇಳಿದ್ದು ನಾಯನಾ. ಕಣ್ಣಾರೆ ಕಂಡಿದ್ದೀನಿ ಅಂದಿದ್ದ."

ಬಸ್ಸು ಬಂತು. ನಾನು ಹತ್ತಿದ ಮೇಲೆ ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿದ.

"ಅವನನ್ನೂ ಒಳಕ್ಕೆ ಬಿಟ್ಟಿರ್ಲಿಲ್ಲ. ಮಗನ ಮುಂದೆ ಹೇಳ್ಕೊಳ್ಳೋಕೆ ನಾಚ್ಕೆ ಆಗಿರ್ಬೇಕು."