ಸೋಮವಾರದ ದೋಣಿ

ನಾರ್ವೆಯ ಬಡಗಣ ಕರಾವಳಿಯ ನಮ್ಮ ದ್ವೀಪಗಳಲ್ಲಿ ಹೈಸ್ಕೂಲಿಲ್ಲ. ಹದಿನಾರು ತುಂಬುತ್ತಲೇ ಮಕ್ಕಳು ಪಟ್ಟಣಕ್ಕೆ ಬಂದು, ಬಾಡಿಗೆ ಕೋಣೆ ಹಿಡಿದು, ತಾವೇ ಬೇಯಿಸಿಕೊಂಡು ಓದಬೇಕು. ನನ್ನ ಮನೆಯ ನೆಲಮಾಳಿಗೆಗೆ ಹಾಗೆ ಬಂದವಳು ಸುನ್ನಿವಾ. ಲೆಕ್ಕದಲ್ಲಿ ಬಲು ಚುರುಕು. ಹಡಗಿನ ಎಂಜಿನಿಯರ್ ಆಗುತ್ತೇನೆಂದು ಬಂದ ದಿನವೇ ಹೇಳಿದ್ದಳು.

ಶುಕ್ರವಾರ ಬಂತೆಂದರೆ ಊರಿಗೆ ಓಡುತ್ತಿದ್ದಳು, ಸೋಮವಾರ ಬೆಳಗಿನ ದೋಣಿಗೆ ವಾಪಸು. ಚಳಿಗಾಲದ ಗಾಳಿಯಲ್ಲಿ ಆ ದೋಣಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸೋಮವಾರದ ಮೊದಲ ಎರಡು ಪೀರಿಯಡ್ಡೂ ಗಣಿತ. ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಪಾಠ ತಪ್ಪಿದರೆ ಆ ವಿಷಯಕ್ಕೆ ಅಂಕವೇ ಇಲ್ಲವೆಂಬುದು ನಿಯಮ. ಗಾಳಿಗೆ ದೋಣಿ ಬಿಡಲಿಲ್ಲವೆಂದು ದೋಣಿಯವರಿಂದ ಒಂದು ಚೀಟಿ ತಂದು ಕೊಟ್ಟಿದ್ದರೆ ಶಾಲೆ ಒಪ್ಪುತ್ತಿತ್ತು. ಅವಳು ತರಲಿಲ್ಲ. ಫೆಬ್ರವರಿಯಲ್ಲಿ ಶಾಲೆಯ ಪತ್ರ ಬಂತು: ಗಣಿತಕ್ಕೆ ಅಂಕವಿಲ್ಲ.

ಇದೆಲ್ಲ ನನಗೆ ತಿಳಿದದ್ದು ಈಸ್ಟರ್ ಹೊತ್ತಿಗೆ, ಅವಳು ಓದು ಬಿಟ್ಟು, ಕೋಣೆಯ ನೆಲ ಉಜ್ಜಿ ತೊಳೆದು ಕೀಲಿ ಕೊಡಲು ಬಂದಾಗ. ಒಂದು ಚೀಟಿಗೆ ಏನು ದಾಡಿ ಎಂದು ಗದರಿದೆ.

“ಗಾಳಿ ಬೀಸಿದ್ದು ಎಲ್ರಿಗೂ ಗೊತ್ತಿತ್ತಲ್ಲ, ಗೆರ್ಡ್. ಅದಕ್ಕೂ ಚೀಟಿ ತರ್ಬೇಕಾ?”

ದ್ವೀಪದಲ್ಲಿ ಬೆಳೆದವರಿಗೆ ಮಾತ್ರ ಇಂಥ ತಪ್ಪು ಸಾಧ್ಯ. ಅಲ್ಲಿ ಗಾಳಿ ಎದ್ದ ದಿನ ಯಾಕೆ ಬರಲಿಲ್ಲವೆಂದು ಯಾರೂ ಯಾರನ್ನೂ ಕೇಳುವುದಿಲ್ಲ.

ನನ್ನ ತಪ್ಪೇನು ಕಡಿಮೆಯೇ? ಫೆಬ್ರವರಿ ಕಳೆದ ಮೇಲೆ ಶಾಲೆಯ ಹೊತ್ತಿನಲ್ಲೂ ಕೆಳಗೆ ನೀರು ಕಾಯಿಸುವ ಸದ್ದು, ಕುರ್ಚಿ ಎಳೆಯುವ ಸದ್ದು ನನಗೆ ಕೇಳುತ್ತಿತ್ತು. ಬಾಡಿಗೆಯವರ ಬಾಗಿಲು ತಟ್ಟಬಾರದು, ಅದು ನಮ್ಮಲ್ಲಿಯ ಮರ್ಯಾದೆ. ಆ ಹಾಳು ಮರ್ಯಾದೆ ಹಿಡಿದುಕೊಂಡು ಐದು ವಾರ ಸುಮ್ಮನೆ ಕೂತೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ನನ್ನಂಥವರಿಗೇ.

ಒಂಬತ್ತು ವರ್ಷದ ಮೇಲೆ ಅವಳ ದ್ವೀಪಕ್ಕೆ ಹೋಗಿದ್ದೆ. ಸುನ್ನಿವಾ ಅಲ್ಲಿಯ ಮೀನು ಕಾರ್ಖಾನೆಯಲ್ಲಿ ಕಾಡ್ ಮೀನು ಸೀಳುತ್ತಾಳೆ. ತಣ್ಣೀರಿನಲ್ಲಿ ಬೆರಳು ಊದಿ, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾಳೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಕೆಲಸ ತಪ್ಪಿಸಿಲ್ಲವೆಂದು ಮೇಸ್ತ್ರಿ ಹೊಗಳಿದ. ನನಗೆ ಅಳು ಬಂತು.

ಆವಾಗಲೇ ನನಗೆ ಯಾಕೆ ಹೇಳಲಿಲ್ಲವೆಂದು ಕೊನೆಗೂ ಅವಳನ್ನು ಕೇಳಿದೆ.

“ನಾನು ಒಳಗೇ ಇರೋದು ನಿಮಗೆ ಕೇಳಿಸ್ಲಿ ಅಂತ ಕುರ್ಚಿ ಎಳೀತಿದ್ದೆ,” ಎಂದಳು. “ಬಾಗಿಲು ತಟ್ತೀರಿ ಅಂತ ಕಾಯ್ತಾ ಇದ್ದೆ.”

ಅವಳ ಕೋಣೆಗೂ ನನ್ನ ಅಡುಗೆಮನೆಗೂ ನಡುವೆ ಇದ್ದದ್ದು ಒಂಬತ್ತೇ ಮೆಟ್ಟಿಲು.