ಮೇಟಿ ಒರೆಸುತ್ತಿದ್ದ ಹೆಸರು

ಕಳೆದ ತಿಂಗಳು ಕುಣಿಗಲ್ಲಿನ ತಂಗಿಯ ಮನೆಗೆ ಹೋಗಿದ್ದೆ. ಅವಳು ಹಜಾರದ ಕೆಂಪು ನೆಲಕ್ಕೆ ಮೇಣ ತಿಕ್ಕಿಸುತ್ತಿದ್ದಳು. ಜೇನುಮೇಣವನ್ನು ಟರ್ಪೆಂಟೈನಿನಲ್ಲಿ ಕರಗಿಸಿ ಹಳೇ ಬಟ್ಟೆಯಲ್ಲಿ ಉಜ್ಜುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟುಬಿಟ್ಟೆ. "ತಲೆನೋವಾ ಅಕ್ಕ?" ಅಂದಳು. ಹೌದು ಅಂದೆ. ಸುಳ್ಳು ಹೇಳುವುದು ನನಗೆ ಮೊದಲಿನಿಂದಲೂ ಸಲೀಸು.

ಆ ವಾಸನೆ ತುಮಕೂರಿನ ಒಂದು ಹಳೇ ಬಂಗಲೆಯದು, ಆ ಬಂಗಲೆಯ ಮೇಟಿಯದು. ಬಂಗಲೆ ಕಾಯುವ, ಗುಡಿಸಿ ಒರೆಸುವ, ಬಂದ ಸಾಹೇಬರಿಗೆ ಬಿಸಿನೀರು ಕಾಯಿಸಿಕೊಡುವ ಕೆಲಸದವರನ್ನು ನಮ್ಮ ಕಡೆ ಮೇಟಿ ಎನ್ನುತ್ತಾರೆ. ಅವರಿಗೂ ಒಂದು ಹೆಸರಿತ್ತು, ಯಾರೂ ಆ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಾನೂ ಕರೆಯಲಿಲ್ಲ.

ಬಂಗಲೆ ಕಟ್ಟಿಸಿದವನು ಸರ್ವೆ ಇಲಾಖೆಯ ಇಂಗ್ಲಿಷ್ ದೊರೆ. ಅವನು ಊರು ಬಿಟ್ಟ ಮೇಲೆ ಅದು ಪ್ರವಾಸಿ ಬಂಗಲೆಯಾಯಿತು. ಆಮೇಲೆ ಯಾವುದೋ ಕಚೇರಿಯ ಹಳೇ ಫೈಲುಗಳ ಉಗ್ರಾಣವಾಗಿ, ಕೊನೆಗೆ ಪಾರಿವಾಳಗಳ ಪಾಲಾಯಿತು. ಸಾಹೇಬರು ಬರುವುದು ನಿಂತಿದ್ದರೂ ಮೇಟಿ ಮಾತ್ರ ಹಿಂದಿನ ಕೋಣೆಯಲ್ಲಿ ಒಬ್ಬರೇ ಉಳಿದಿದ್ದರು. ಮದುವೆಯಾಗಿರಲಿಲ್ಲ. ಅಪ್ಪ ಅದೇ ಬಂಗಲೆಯಲ್ಲಿ ಸಾಹೇಬರಿಗೆ ಗಾಳಿಯಾಗಲೆಂದು ಹಗ್ಗದ ಪಂಖ ಎಳೆದವರು, ಅವ್ವ ಅದೇ ನೆಲ ಒರೆಸಿದವಳು.

ತೊಂಬತ್ತರ ದಶಕದ ಕೊನೆಯಲ್ಲಿ ಅದನ್ನು ಮ್ಯೂಸಿಯಂ ಮಾಡಬೇಕೆಂದು ಸಮಿತಿಯೊಂದು ಹುಟ್ಟಿಕೊಂಡಿತು. ನಾನಾಗ ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಬಂದು ತುಮಕೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ಹಂಗಾಮಿ ಲೆಕ್ಚರರ್. ಬಂಗಲೆಯ ಇತಿಹಾಸ ಬರೆದು, ಗೋಡೆಗೆ ಹಾಕುವ ಫಲಕಗಳನ್ನು ಸಿದ್ಧ ಮಾಡಿಕೊಡಲು ನನಗೆ ಹೇಳಿದರು. ಸಮಿತಿಯ ಅಧ್ಯಕ್ಷರು ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲೂ ಇದ್ದರು. ನನ್ನ ಕೆಲಸ ಕಾಯಂ ಆಗುವುದು ಅವರ ಕೈಯಲ್ಲಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ದಾಖಲೆ ಅಂತ ಸಿಕ್ಕಿದ್ದು ಗೆದ್ದಲು ತಿಂದ ನಾಲ್ಕು ಹಾಳೆ. ಉಳಿದದ್ದೆಲ್ಲ ಮೇಟಿಯ ತಲೆಯಲ್ಲಿತ್ತು. ಮಧ್ಯಾಹ್ನ ಕ್ಲಾಸು ಮುಗಿಸಿ ನಾನು ನೋಟ್‌ಬುಕ್ ಹಿಡಿದು ಹೋದರೆ ಅವರು ನೆಲ ತಿಕ್ಕುತ್ತಲೇ ಮಾತಾಡುತ್ತಿದ್ದರು. ಯಾವ ಕಿಟಕಿಯ ಗಾಜು ಯಾವ ಗಾಳಿಗೆ ಒಡೆಯಿತು, ದೊರೆಯ ಕುದುರೆಯನ್ನು ಎಲ್ಲಿ ಹೂತರು... ಕೇಳಿದ್ದಕ್ಕೆಲ್ಲ ಉತ್ತರವಿತ್ತು. ನಾನು ಎಂ.ಎ.ಯಲ್ಲಿ ಓದಿದ ಇತಿಹಾಸಕ್ಕಿಂತ ಅದು ಎಷ್ಟೋ ರುಚಿಯಾಗಿತ್ತು.

ಒಂದು ದಿನ ಹಿತ್ತಿಲ ಕಡೆಯ ವರಾಂಡದ ಮೂಲೆಗೆ ಕರೆದುಕೊಂಡು ಹೋಗಿ, ಅಲ್ಲಿದ್ದ ದಪ್ಪನೆಯ ಹೂಕುಂಡವನ್ನು ಪಕ್ಕಕ್ಕೆ ಸರಿಸಿದರು. ಕೆಂಪು ನೆಲದಲ್ಲಿ ಮಗುವಿನ ಹೆಜ್ಜೆಯೊಂದು ಒತ್ತಿಕೊಂಡಿತ್ತು. ಅಂಗೈಯಗಲ. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು.

"ನಮ್ಮವ್ವಂದು" ಅಂದರು.

ನಾನು ನಂಬದವಳಂತೆ ನೋಡಿದೆನೇನೋ. ಮೇಟಿ ತಮ್ಮ ಬರಿಗಾಲನ್ನು ಆ ಹೆಜ್ಜೆಯ ಪಕ್ಕಕ್ಕಿಟ್ಟರು. ಅವರ ಕಿರುಬೆರಳೂ ಹಾಗೇ ಹತ್ತಿ ಕೂತಿತ್ತು.

ಅವರ ಅಜ್ಜಿ ಸಿ.ಎಸ್. ಪುರದ ಕಡೆಯವಳು. ಹೊಸ ಬಂಗಲೆಯ ಗಾರೆ ನೆಲವನ್ನು ನುಣುಪುಗಲ್ಲಿನಿಂದ ಉಜ್ಜುವ ಹೆಂಗಸರ ಗುಂಪಿನಲ್ಲಿ ಕೂಲಿಗೆ ಬಂದಿದ್ದಳು. ಹಸಿವಾದ ಮಗಳು ಅವ್ವನನ್ನು ಹುಡುಕಿಕೊಂಡು ಓಡಿಬಂದು ಹಸಿ ನೆಲದ ಮೇಲೆ ಕಾಲಿಟ್ಟುಬಿಟ್ಟಳು. ದೊರೆ ಕುದುರೆಯ ಚಾವಟಿಯಿಂದ ಅಜ್ಜಿಯ ಬೆನ್ನಿಗೆ ಬಾರಿಸಿ, ತಕ್ಷಣ ಗಾರೆ ಮೆತ್ತಿ ಹೆಜ್ಜೆ ಅಳಿಸಿ ಎಂದು ಹೇಳಿ ಹೋದ. ಆದರೆ ಆ ಹೆಂಗಸರಲ್ಲಿ ಒಂದು ನಂಬಿಕೆಯಿತ್ತು. ಹಸಿ ನೆಲದಲ್ಲಿ ಮೂಡಿದ ಮಗುವಿನ ಹೆಜ್ಜೆ ಅಳಿಸಿದರೆ ಆ ಮಗುವಿನ ಆಯಸ್ಸು ಅಳಿಸಿದಂತೆ. ಅವರು ದೊರೆಯ ಮುಂದೆ ಆಗಲಿ ಎಂದು ತಲೆಯಾಡಿಸಿದರು, ನೆಲ ಗಟ್ಟಿಯಾಗುವವರೆಗೆ ಗೋಣಿ ಹೊದಿಸಿಟ್ಟು, ಆಮೇಲೆ ಹೂಕುಂಡವೊಂದನ್ನು ಎಳೆದುತಂದು ಅದರ ಮೇಲೆ ಕೂರಿಸಿದರು. ದೊರೆ ಇರುವಷ್ಟು ಕಾಲವೂ ಅಲ್ಲೇ ಓಡಾಡಿದ, ಅವನಿಗೆ ಗೊತ್ತಾಗಲೇ ಇಲ್ಲ.

"ದೊಡ್ಡೋಳಾಗಿ ಇದೇ ಬಂಗ್ಲೆ ಕೆಲಸಕ್ಕೆ ಬಂದ್ಲು. ಅವ್ಳ ಕಾಲ್ನ ಅವ್ಳೇ ಒರೆಸೋಳು ಮೇಡಂ" ಎಂದು ಮೇಟಿ ನಕ್ಕರು. ಆಮೇಲೆ ಕುಂಡವನ್ನು ಮತ್ತೆ ಸರಿಸಿಡುತ್ತಾ, "ಬೋರ್ಡ್‌ನಾಗೆ ಅವ್ಳ ಹೆಸರು ಒಂದು ಬರೀರಿ. ನಂಗೆ ಇನ್ನೇನೂ ಬ್ಯಾಡ" ಅಂದರು. ಹೆಸರು ಹೇಳಿದರು. ಬರೆದುಕೊಂಡೆ. ಅಡಿಗೆರೆಯನ್ನೂ ಎಳೆದೆ.

ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡು ಅಧ್ಯಕ್ಷರ ಬಳಿ ಹೋದೆ. ಅವರು ಓದಿ ನಯವಾಗಿ ನಕ್ಕರು.

"ಚೆನ್ನಾಗಿದೆ ಮೇಡಂ. ಆದ್ರೆ ಈ ಚಾವಟಿ ಗೀವಟಿ ಎಲ್ಲಾ ಯಾಕೆ? ಜನ ಫ್ಯಾಮಿಲಿ ಕಟ್ಕೊಂಡು ಬರ್ತಾರೆ. ಕೂಲಿಯೋಳ ಮಗು ಕಾಲು ಅಂದ್ರೆ ಯಾರ್ ನೋಡ್ತಾರೆ? ದೊರೆ ಮಗಳದ್ದು ಅಂತ ಹಾಕಿ, ಮುದ್ದಾಗಿರುತ್ತೆ."

"ದೊರೆಗೆ ಮಕ್ಕಳಿರ್ಲಿಲ್ಲ ಸಾರ್."

"ಅವ್ನೇನು ಎದ್ದು ಬಂದು ಕೇಳ್ತಾನಾ?" ಅಂದರು. ಆಮೇಲೆ, ನನ್ನ ಫೈಲು ಮುಂದಿನ ಮೀಟಿಂಗಿಗೆ ಬರುತ್ತದೆ ಎಂದೂ ಹೇಳಿದರು.

ನಾನು ಹೊಸದಾಗಿ ಬರೆದುಕೊಟ್ಟೆ. ಅಂದವಾಗಿಯೇ ಬರೆದೆ. ಮುದ್ದಿನ ಮಗಳು ತೋಟದಿಂದ ಓಡಿಬಂದಳಂತೆ, ದೊರೆ ಅವಳನ್ನು ಎತ್ತಿ ಮುತ್ತಿಟ್ಟನಂತೆ, ಹೆಜ್ಜೆಯನ್ನು ಹಾಗೇ ಉಳಿಸಲು ಹೇಳಿದನಂತೆ. ಥೂ... ಈಗಲೂ ಬರೆದ ಕೈ ಮೇಲೆ ಅಸಹ್ಯವಾಗುತ್ತದೆ.

ಮ್ಯೂಸಿಯಂ ಉದ್ಘಾಟನೆಯ ದಿನ ಮೇಟಿ ಖಾಕಿ ಯೂನಿಫಾರ್ಮಿನಲ್ಲಿದ್ದರು. ಅವರನ್ನು ಅಲ್ಲೇ ಅಟೆಂಡರ್ ಎಂದು ಇಟ್ಟುಕೊಂಡಿದ್ದರು. ಬರಿಗಾಲಲ್ಲಿ ಇರಕೂಡದೆಂದು ಕ್ಯಾನ್ವಾಸ್ ಶೂ ತೊಡಿಸಿದ್ದರು. ಭಾಷಣಗಳು ಮುಗಿದು ಜನ ಚದುರಿದ ಮೇಲೆ ಮೇಟಿ ನನ್ನನ್ನು ವರಾಂಡದ ಮೂಲೆಗೆ ಕರೆದರು. ಅವರಿಗೆ ಓದಲು ಬರುತ್ತಿರಲಿಲ್ಲ.

"ನಮ್ಮವ್ವನ ಹೆಸರು ಎಲ್ಲೈತೆ, ವಸಿ ತೋರ್ಸಿ ಮೇಡಂ."

ಆಗಲೂ ಹೇಳಿಬಿಡಬಹುದಿತ್ತು. ಅವರೇನು ನನ್ನನ್ನು ಹೊಡೆಯುತ್ತಿರಲಿಲ್ಲ. ನಾನು ಬೆರಳು ಚಾಚಿ, 'ದೊರೆಯ ಮಗಳು' ಎಂದಿದ್ದ ಜಾಗವನ್ನು ಮುಟ್ಟಿ, "ಇಲ್ಲಿದೆ" ಅಂದೆ. ಮೇಟಿ ಆ ಅಕ್ಷರಗಳನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು.

ಎರಡು ವರ್ಷ, ದಿನಾ ಬೆಳಿಗ್ಗೆ ನೆಲಕ್ಕೆ ಮೇಣ ತಿಕ್ಕಿದ ಮೇಲೆ, ಅದೇ ಜಾಗವನ್ನು ಅವರು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರಂತೆ. ಉಳಿದ ಫಲಕಗಳ ಮೇಲೆ ಧೂಳು ಕೂತಿದ್ದರೂ ಆ ಎರಡು ಪದ ಮಾತ್ರ ಥಳಥಳ ಹೊಳೆಯುತ್ತಿತ್ತು. ನಾನು ಆ ಕಡೆ ಹೋಗುವುದನ್ನೇ ಬಿಟ್ಟಿದ್ದೆ. ಕೆಲಸ ಕಾಯಂ ಆಗಿತ್ತು.

ಒಮ್ಮೆ ಕೋರದ ಕಡೆಯ ಶಾಲೆಯ ಮಕ್ಕಳು ನೋಡಲು ಬಂದಿದ್ದರಂತೆ. ಒಬ್ಬಳು ಹುಡುಗಿ ಫಲಕವನ್ನು ಗಟ್ಟಿಯಾಗಿ ಓದಿದಳಂತೆ, ಮೇಟಿ ಪಕ್ಕದಲ್ಲೇ ನಿಂತಿದ್ದರಂತೆ. ಮತ್ತೆ ಓದು ಅಂದರಂತೆ. ಮೂರು ಸಲ ಓದಿಸಿದರಂತೆ. ಇದನ್ನೆಲ್ಲ ನನಗೆ ಹೇಳಿದ್ದು ಟಿಕೆಟ್ ಕೊಡುವಾಕೆ, ಆಮೇಲೆ.

ಮಾರನೆಯ ದಿನ ಮೇಟಿ ಕಾಲೇಜಿಗೆ ಬಂದರು. ಗೇಟಿನ ಬಳಿ ಬಿಸಿಲಲ್ಲಿ ನಿಂತಿದ್ದರು. ನಾನು ಹತ್ತಿರ ಹೋದಾಗ ಬಗ್ಗಿ ಬಲಗಾಲಿನ ಶೂ ಬಿಚ್ಚಿ, ಪಾದವನ್ನು ಧೂಳಿನಲ್ಲಿ ಒತ್ತಿ ತೆಗೆದರು. ಅದೇ ಹೆಜ್ಜೆ, ಅದೇ ಹತ್ತಿ ಕೂತ ಕಿರುಬೆರಳು.

"ದೊರೆಗೆ ಮಕ್ಕಳೇ ಇರ್ಲಿಲ್ವಲ್ಲ ಮೇಡಂ" ಅಂದರು.

ಬೈದಿದ್ದರೆ ಚೆನ್ನಾಗಿತ್ತು. ನಾನು ಏನೋ ತೊದಲಿದೆ, ಸಮಿತಿ, ಅಧ್ಯಕ್ಷರು, ಪ್ರಿಂಟಿಂಗು... "ಬುಡಿ" ಅಂದರು. ಶೂ ಕೈಯಲ್ಲೇ ಹಿಡಿದುಕೊಂಡು ಹೊರಟುಹೋದರು. ಮ್ಯೂಸಿಯಂಗೂ ಮತ್ತೆ ಹೋಗಲಿಲ್ಲವಂತೆ. ಒಂದೆರಡು ವರ್ಷದ ಮೇಲೆ ಹುಲಿಯೂರುದುರ್ಗದಲ್ಲಿ ಯಾರದೋ ಜಗಲಿಯ ಮೇಲೆ ತೀರಿಕೊಂಡರು ಎಂದು ಕೇಳಿದೆ. ಹಿಂದೆ ಮುಂದೆ ಯಾರೂ ಇರಲಿಲ್ಲ.

ತಂಗಿಯ ಮನೆಯಿಂದ ಬಂದ ಮಾರನೆಯ ದಿನವೇ ಮ್ಯೂಸಿಯಂಗೆ ಹೋದೆ. ಹೆಜ್ಜೆಗೆ ಈಗ ಗಾಜು ಹಾಕಿದ್ದಾರೆ. ನನ್ನ ಫಲಕ ಹಾಗೇ ಇದೆ, ಆ ಎರಡು ಪದದ ಬಣ್ಣ ಮಾತ್ರ ಒರೆಸಿ ಒರೆಸಿ ಮಾಸಿದೆ. ಹೊಸದಾಗಿ ಬಂದಿರುವ ಕ್ಯುರೇಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ಬರೆದುಕೊಡುತ್ತೇನೆ ಅಂದೆ. ಆಧಾರ ಕೇಳುತ್ತಾಳೆ, ಅಧ್ಯಕ್ಷರ ಹಾಗೆ ನಗುತ್ತಾಳೆ ಅಂದುಕೊಂಡಿದ್ದೆ. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಆಕೆ ಕಣ್ಣೊರೆಸಿಕೊಂಡು ಪೆನ್ನು ತೆಗೆದಳು.

"ಈ ವಾರವೇ ಬದಲಾಯಿಸ್ತೀನಿ ಮೇಡಂ. ಆ ಅಮ್ಮನ ಹೆಸರು ಹೇಳಿ."

ಗುಬ್ಬಿಯ ಮನೆ ಖಾಲಿ ಮಾಡುವಾಗ ಆ ನೋಟ್‌ಬುಕ್ಕನ್ನು ಹಳೇ ಪೇಪರಿನವನ ಗಾಡಿಗೆ ಹಾಕಿದವಳು ನಾನೇ. ಅಡಿಗೆರೆ ಎಳೆದದ್ದು ನೆನಪಿದೆ, ಯಾವ ಬಣ್ಣದ ಶಾಯಿ ಎಂದೂ ನೆನಪಿದೆ...

ಆಕೆ ಪೆನ್ನು ಹಿಡಿದು ಕಾಯುತ್ತಲೇ ಇದ್ದಳು. ನನಗೆ ಹೆಸರು ನೆನಪಾಗಲಿಲ್ಲ.