ಸವೆಯದ ಲೈನರ್, ಜಮಖಂಡಿಯ ಇಳಿಜಾರು

ಬೀಳಗಿ ಬಿಟ್ಟಾಗ ಬೆಳಗಿನ ಏಳು ಗಂಟೆ. ಕಬ್ಬಿನ ಹೊಲಗಳ ಮೇಲೆ ಮಂಜು ಇನ್ನೂ ಮಲಗಿತ್ತು. ಟೆಂಪೊದಲ್ಲಿ ಬನಹಟ್ಟಿಯ ಮಗ್ಗಗಳಿಗೆ ಒಯ್ಯುವ ನೂಲಿನ ಚೀಲಗಳಿದ್ದವು. ಚಾಲಕ ಮಲ್ಲಪ್ಪನ ಪಕ್ಕದಲ್ಲಿ ನಾನು ಕೂತಿದ್ದೆ. ಚಕ್ರದ ಡ್ರಮ್ಮಿಗೆ ಒತ್ತಿ ಗಾಡಿ ನಿಲ್ಲಿಸುವ ಪಟ್ಟಿ, ಅಂದರೆ ಬ್ರೇಕ್ ಲೈನರ್ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಅದರ ಮಿಶ್ರಣ ಕಲಸುವುದು ನನ್ನ ಕೆಲಸ. ಆರು ತಿಂಗಳ ಹಿಂದೆ ನನ್ನ ಹೊಸ ಲೈನರನ್ನು ಇದೂ ಸೇರಿ ಬನಹಟ್ಟಿಯ ನಾಲ್ಕು ಟೆಂಪೊಗಳಿಗೆ ಹಾಕಿಸಿದ್ದೆ. ಎಷ್ಟು ಸವೆದಿದೆ ಎಂದು ನೋಡಲು ಬಂದಿದ್ದೆ.

ಮುಧೋಳದಲ್ಲಿ ಸೂಸಲ ತಿಂದು, ಚಹಾ ಕುಡಿದು, ಒಂದು ಚಕ್ರ ಬಿಚ್ಚಿಸಿದೆ. ಲೈನರಿನ ದಪ್ಪ ಹೆಚ್ಚು ಕಡಿಮೆ ಹಾಕಿದಷ್ಟೇ ಇತ್ತು.

"ಏನೂ ಸವದಿಲ್ರೀ ಸಾಹೇಬ್ರ!" ಎಂದ ಮಲ್ಲಪ್ಪ.

ಆ ಮಾತಿನ ಸುಖದಲ್ಲೇ ಮುಂದಿನ ದಾರಿ ತೇಲಿದಂತೆ ಸಾಗಿತು. ಬಿಸಿಲು ಮಂಜಿನೊಳಗೆ ಹಾಲಿನಂತೆ ಬೆರೆತಿತ್ತು. ನನಗೆ ಜೊಂಪು ಹತ್ತಿತು.

ಎಚ್ಚರವಾದದ್ದು ಸುಟ್ಟ ವಾಸನೆಗೆ. ಜಮಖಂಡಿಯ ಹತ್ತಿರದ ಇಳಿಜಾರಿನಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಮಲ್ಲಪ್ಪ ಮೇಲಿಂದ ಮೇಲೆ ಬ್ರೇಕ್ ತುಳಿಯುತ್ತಲೇ ಬಂದಿದ್ದ. ಟ್ರ್ಯಾಕ್ಟರು ಪಕ್ಕಕ್ಕೆ ಸರಿದದ್ದೇ ಎದುರಿಗೆ ಎಮ್ಮೆ ಹೊಡೆದುಕೊಂಡು ರಸ್ತೆ ದಾಟುತ್ತಿದ್ದ ಮುದುಕಿ ಕಂಡಳು.

"ಬ್ರೇಕ್ ಹಿಡಿಯವಲ್ದರೀ!" ಎಂದು ಕೂಗಿದ ಮಲ್ಲಪ್ಪ ಗೇರು ಇಳಿಸಿ ಗಾಡಿಯನ್ನು ಹೊಲಕ್ಕೆ ತಿರುಗಿಸಿದ. ಕಬ್ಬು ಮುರಿಯುತ್ತಾ ನಮ್ಮನ್ನು ಮೆಲ್ಲಗೆ ನಿಲ್ಲಿಸಿತು. ಗರಿಗಳ ನಡುವೆ ಎಲ್ಲವೂ ಹಸಿರು, ನಿಶ್ಶಬ್ದ. ನಾನು ಬದುಕಿದ್ದೇನೆಯೇ ಎಂಬುದೇ ತಿಳಿಯಲಿಲ್ಲ.

"ಏ ತಮ್ಮಾ, ಯಾರಿಗೂ ಪೆಟ್ಟಾಗಿಲ್ಲಲ್ಲೋ?" ಎಂದು ಮುದುಕಿಯೇ ಬಂದು ಕೇಳಿದಳು.

ಕಾದಿದ್ದ ಬ್ರೇಕ್ ಡ್ರಮ್ ಆರಿದ ಮೇಲೆ ನಡಿಗೆಯ ವೇಗದಲ್ಲಿ ಜಮಖಂಡಿ ಮುಟ್ಟಿದೆವು. ಅಲ್ಲಿ ಲೈನರ್ ಬಡಿಯುವ ಕಸ್ತೂರವ್ವ ನನ್ನ ಲೈನರನ್ನು ಉಗುರಿನಿಂದ ಕೆರೆದು ನೋಡಿದಳು.

"ಕಾದು ಕಾದು ಕನ್ನಡಿ ಆಗೇತ್ರಿ. ಸವೀದಿದ್ರ ಹೆಂಗ ಹಿಡೀತೈತಿ? ಇದನ್ನ ಯಾರ್ ಮಾಡ್ಯಾರೋ!"

"ನಾನೇ," ಎಂದೆ.

ಅವಳು ತನ್ನಲ್ಲಿದ್ದ ಮೆತ್ತನೆಯ ಲೈನರ್ ತೆಗೆದು ರಿವೆಟ್ ಬಡಿಯತೊಡಗಿದಳು. "ಇದು ಲಗೂನ ಸವೀತೈತ್ರಿ. ಸವೀಲಿ ಬಿಡ್ರಿ."

ಹೊಸ ಲೈನರ್ ಡ್ರಮ್ಮಿಗೆ ಹೊಂದಲೆಂದು ಮಲ್ಲಪ್ಪ ಬನಹಟ್ಟಿಯವರೆಗೂ ನಿಧಾನವಾಗಿ, ಹಗುರಾಗಿ ಬ್ರೇಕ್ ಒತ್ತುತ್ತಾ ಹೋದ. ಉಳಿದ ಮೂವರು ಚಾಲಕರನ್ನು ಅವನೇ ಕರೆಸಿದ. ಮಗ್ಗಗಳ ಸದ್ದಿನಲ್ಲಿ ನಾನು ದನಿ ಏರಿಸಿ ಹೇಳಬೇಕಾಯಿತು: "ತಪ್ಪು ನನ್ನದು. ಇವತ್ತೇ ಬಿಚ್ಚಿಸಿ."

"ಇಷ್ಟ್ ದಿನಾ ಹೆಂಗ ಉಳದ್ವಿರೀ ನಾವು?" ಎಂದು ಒಬ್ಬ ಕೇಳಿದ. ನಾನು ಬಗ್ಗಿ ಅವನ ಗಾಡಿಯ ಚಕ್ರದ ನಟ್ಟು ಬಿಚ್ಚತೊಡಗಿದೆ.

ಸಂಜೆಯ ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಹೊಂಬಿಸಿಲಿನಲ್ಲಿ ಮೂರು ಟೆಂಪೊಗಳು ಚಕ್ರ ಕಳಚಿ ನಿಂತಿದ್ದವು.